ಆ ಪ್ಲಾಸ್ಟಿಕ್ ಡಬ್ಬಿ

ನಿನ್ನೆ ಚಿಕ್ಕಮ್ಮನ ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಮಕ್ಕಳಾಗದವರು ಹೋಗುವ ಆಸ್ಪತ್ರೆ. ಅಂಥ ಕಡೆ ನಾನೂ ವರ್ಷಗಟ್ಟಲೆ ಬೆಂಚು ಸವೆಸಿದವಳು ಅಂತ ನಿಮಗೆಲ್ಲ ಗೊತ್ತು.

ಅವಳ ಮದುವೆಯಾಗಿ ನಾಲ್ಕು ವರ್ಷ. ಮಾಡಿಸದ ಟೆಸ್ಟ್ ಇಲ್ಲ. ಅಂಡಗಳ ಸಂಗ್ರಹ ಎಷ್ಟಿದೆ ಅಂತ ನೋಡುವ ಎಎಂಎಚ್, ಥೈರಾಯ್ಡ್, ತಿಂಗಳು ತಿಂಗಳು ಸ್ಕ್ಯಾನ್. ಗರ್ಭಕೋಶದೊಳಗೆ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರಲ್ಲ, ಎಚ್‌ಎಸ್‌ಜಿ, ಅದೂ ಆಯ್ತು. 'ಸ್ವಲ್ಪ ಹಿಡಿದಂಗೆ ಆಗುತ್ತೆ' ಅಂತ ಹೇಳಿ ಮಲಗಿಸುತ್ತಾರೆ. ಸ್ವಲ್ಪವಂತೆ!

ಡಾಕ್ಟರ್ ಫೈಲ್ ತಿರುವಿ ಹಾಕಿ ಕೇಳಿದರು, "ಯಜಮಾನರ ರಿಪೋರ್ಟ್ ಎಲ್ಲಮ್ಮಾ?"

ಅವಳು ನನ್ನ ಮುಖ ನೋಡಿದಳು. ಉತ್ತರ ಕೊಟ್ಟಿದ್ದು ಅವಳ ಅತ್ತೆ. "ನಮ್ಮ ಹುಡುಗನಿಗೆ ಏನೂ ತೊಂದರೆ ಇಲ್ಲ ಮೇಡಂ. ದಿನಾ ಜಿಮ್‌ಗೆ ಹೋಗ್ತಾನೆ."

(ಆ ಅತ್ತೆ ಫೇಸ್‌ಬುಕ್‌ನಲ್ಲಿಲ್ಲ. ಇದ್ದರೂ ಓದಿಕೊಳ್ಳಲಿ.)

ಆ ಹುಡುಗ ಮಾಡಬೇಕಾಗಿದ್ದೇನು? ಎರಡರಿಂದ ಏಳು ದಿನ ಹೆಂಡತಿಯಿಂದ ದೂರ ಇದ್ದು, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ವೀರ್ಯದ ಸ್ಯಾಂಪಲ್ ಕೊಡುವುದು. ಸೂಜಿ ಇಲ್ಲ, ಅರಿವಳಿಕೆ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಸೇರಿರುತ್ತದೆ. ಶುರುವಿನಲ್ಲೇ ಆಗಬೇಕಾದ ಟೆಸ್ಟ್ ಅದು. ನಾಲ್ಕು ವರ್ಷದಲ್ಲಿ ಅದಕ್ಕೆ ಪುರುಸೊತ್ತಾಗಿಲ್ಲ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಲು ಎರಡು ದಿನ ರಜೆ ಸಿಕ್ಕಿತ್ತು. ನಾನೇನೂ ದೇವರನ್ನು ಬೈಯುತ್ತಿಲ್ಲ, ನಾವೂ ಹೋಗಿ ಬಂದವರೇ. ಆದರೆ ಲ್ಯಾಬಿಗೆ ಹೋಗಬೇಡ ಅಂತ ಸುಬ್ರಹ್ಮಣ್ಯನೇನೂ ಹೇಳಿರಲಿಲ್ಲ.

'ಗಂಡಸರಿಗೂ ಸಂಕಟ ಇರುತ್ತೆ, ಹೇಳಿಕೊಳ್ಳಲ್ಲ ಅಷ್ಟೆ' ಅಂತ ಈಗ ಯಾರಾದರೂ ಕಾಮೆಂಟ್ ಹಾಕೇ ಹಾಕ್ತೀರಿ. ಇರುತ್ತೆ, ಒಪ್ಪಿದೆ. ಅವನ ಸಂಕೋಚಕ್ಕೆ ಇವಳು ಯಾಕೆ ಹೊಟ್ಟೆಗೆ ಚುಚ್ಚಿಸಿಕೊಳ್ಳಬೇಕು?

ಇಕ್ಸಿ ಅಂತ ಒಂದಿದೆ. ಒಂದೇ ಒಂದು ವೀರ್ಯಾಣುವನ್ನು ಹಿಡಿದು ಅಂಡದೊಳಗೆ ಸೂಜಿಯಲ್ಲಿ ಬಿಡುವುದು. ಬೆಲ್ಜಿಯಂನ ಡಾಕ್ಟರುಗಳು 1992ರಲ್ಲಿ ಜಗತ್ತಿಗೆ ತಿಳಿಸಿದ್ದು. ಗಂಡಸಿನ ತೊಂದರೆಗಾಗಿಯೇ ಬಂದ ಚಿಕಿತ್ಸೆ. ತಮಾಷೆ ನೋಡಿ, ಅದಕ್ಕೂ ಹತ್ತು ಹನ್ನೆರಡು ದಿನ ಇಂಜೆಕ್ಷನ್ ಹೆಂಡತಿಗೇ. ಅರಿವಳಿಕೆ ಕೊಟ್ಟು ಅಂಡ ತೆಗೆಯುವುದೂ ಅವಳಿಂದಲೇ. ಗಂಡನದು ಅಲ್ಲೂ ಸಾಮಾನ್ಯವಾಗಿ ಅದೇ ಡಬ್ಬಿ.

ನಮ್ಮದೂ ಇಕ್ಸಿ.

ಹೌದು. ಇಷ್ಟು ವರ್ಷ ನಿಮಗೆಲ್ಲ 'ನನಗೆ ಪಿಸಿಓಡಿ, ಅಂಡಾಶಯದ ತೊಂದರೆ' ಅಂದಿದ್ದು ಸುಳ್ಳು. ನನ್ನ ರಿಪೋರ್ಟೆಲ್ಲ ಸರಿಯೇ ಇತ್ತು. ಇವರು ಟೆಸ್ಟಿಗೆ ಬರಲು ಎಂಟು ತಿಂಗಳು ತಗೊಂಡರು. ರಿಪೋರ್ಟ್ ಬಂದ ರಾತ್ರಿ ಊಟ ಮಾಡಲಿಲ್ಲ. ನನಗೆ ಪಾಪ ಅನಿಸಿತು. ಮಾರನೇ ದಿನ ಅತ್ತೆಗೆ ಫೋನ್ ಮಾಡಿ ತೊಂದರೆ ನನ್ನದೇ ಅಂದುಬಿಟ್ಟೆ. ಇವರು ಪಕ್ಕದಲ್ಲೇ ಕೂತಿದ್ದರು. ಬಾಯಿ ಬಿಡಲಿಲ್ಲ.

ಅಲ್ಲಿಂದ ಶುರು. ಮೆಂತ್ಯ ನೆನೆಸಿ ತಿನ್ನು, ತೂಕ ಇಳಿಸು, ಆಫೀಸು ಬಿಡು. ಅತ್ತೆ ಬಂದಿದ್ದಾಗ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಕ್ಕ ನನ್ನ ಇಂಜೆಕ್ಷನ್‌ಗಳಿದ್ದವು. ಹಿಟ್ಟು ತೆಗೆಯಲು ಹೋದಾಗೆಲ್ಲ ಅವರದು ಒಂದೇ ಮಾತು, "ನಿನ್ನಿಂದ ನನ್ನ ಮಗನಿಗೆ ಎಷ್ಟು ಖರ್ಚು." ಮಗ ಅಲ್ಲೇ ಕೂತು ದೋಸೆ ತಿನ್ನುತ್ತಿದ್ದ. ಇನ್ನೊಂದು ಹಾಕು ಅಂದ.

ಅದಕ್ಕೇ ನಿನ್ನೆ ತಂಗಿ ನನ್ನ ಮುಖ ನೋಡಿದಾಗ ನನಗೆ ಅಷ್ಟು ಸಿಟ್ಟು ಬಂದಿದ್ದು.

ಇದನ್ನು ಹಾಕುವ ಮೊದಲು ಇವರಿಗೆ ಓದಲು ಕೊಟ್ಟೆ. ಎರಡು ಸಲ ಓದಿದರು. ಹಾಕು ಅಂದರು. ಆಮೇಲೆ, "ದೋಸೆ ವಿಷಯ ಬೇಕಿತ್ತಾ?" ಅಂದರು.

ಬೇಕಿತ್ತು.