ನಾರ್ತ್ ಹೆಡ್‌ನಿಂದ ಮಧುಗಿರಿಯ ಕೋಟೆಯನ್ನು ಕಂಡಾಗ

ಒಂದು ಕೋಟೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ನೋಡಲು ಬಂದವರಿಗೆ ತಿಳಿಯದೇ ಹೋದರೆ, ಅದರ ಗೋಡೆಗಳು ಎಷ್ಟು ಗಟ್ಟಿಯಾಗಿ ನಿಂತಿದ್ದರೂ ಆ ಕೋಟೆಯನ್ನು ನಾವು ಅರ್ಧ ಕಳೆದುಕೊಂಡಂತೆಯೇ ಸರಿ. ಮಧುಗಿರಿಯಲ್ಲಿ ಹುಟ್ಟಿ ಬೆಳೆದು ಈಗ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನೆಲೆಸಿರುವ ನನಗೆ ಈ ಅಭಿಪ್ರಾಯ ಬಲವಾದದ್ದು ಅಲ್ಲಿನ ಬಂದರಿನ ಬಾಯಲ್ಲಿ, ಡೆವನ್‌ಪೋರ್ಟ್‌ನ ತುದಿಗೆ ಚಾಚಿಕೊಂಡಿರುವ ನಾರ್ತ್ ಹೆಡ್ ಗುಡ್ಡದ ಮೇಲೆ.

ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಮೌಂಗಾವುಯಿಕಾ ಎಂದು ಕರೆಯುವ ಈ ಆರಿದ ಜ್ವಾಲಾಮುಖಿ ನಮ್ಮ ಮಧುಗಿರಿಯ ಏಕಶಿಲೆಯ ಬೆಟ್ಟದ ಮುಂದೆ ತೀರಾ ಚಿಕ್ಕದು. 1885ರಲ್ಲಿ ರಷ್ಯಾದ ನೌಕಾಪಡೆ ದಾಳಿಯಿಡಬಹುದೆಂಬ ಭಯ ಹಬ್ಬಿದಾಗ ಅಲ್ಲಿ ಫಿರಂಗಿ ನೆಲೆಗಳನ್ನು ಕಟ್ಟತೊಡಗಿದರು. ಮುಂದೆ ಸುರಂಗ ತೋಡಲು ಕೈದಿಗಳನ್ನು ದುಡಿಸಿಕೊಂಡರು. ದಕ್ಷಿಣದ ನೆಲೆಯಲ್ಲಿ ಎಂಟು ಅಂಗುಲ ಬಾಯಿಯ ‘ಮರೆಯಾಗುವ ಫಿರಂಗಿ’ಯೊಂದು ಇಂದಿಗೂ ತನ್ನ ಗುಂಡಿಯಲ್ಲೇ ಇದೆ. ಗುಂಡು ಹಾರಿದ ರಭಸಕ್ಕೆ ಅದು ಹಿಂದಕ್ಕೆ ಒರಗಿ ಗುಂಡಿಯೊಳಗೆ ಇಳಿಯುತ್ತಿತ್ತು, ಶತ್ರುವಿನ ಕಣ್ಣಿಗೆ ಬೀಳದಂತೆ ಸೈನಿಕರು ಮದ್ದು ತುಂಬುತ್ತಿದ್ದರು, ಒತ್ತಡದಲ್ಲಿಟ್ಟ ಗಾಳಿ ಮತ್ತು ದ್ರವದ ಬಲದಿಂದ ಅದು ಮತ್ತೆ ಮೇಲೇಳುತ್ತಿತ್ತು. ಟಾರ್ಚ್ ಹಿಡಿದು ಸುರಂಗದಲ್ಲಿ ನಡೆದರೆ, ಮದ್ದಿನ ಕೋಣೆಯಿಂದ ಫಿರಂಗಿಯವರೆಗೆ ಸೈನಿಕ ಹೇಗೆ ಓಡಾಡುತ್ತಿದ್ದ ಎಂಬುದು ತಾನಾಗಿ ಮನಸ್ಸಿಗೆ ಬರುತ್ತದೆ. ಪ್ರವೇಶಕ್ಕೆ ಹಣವಿಲ್ಲ. ಹೆದರಿದ ಶತ್ರು ಬರಲೇ ಇಲ್ಲ ಎಂಬುದನ್ನಾಗಲಿ, ತೋಡಿದವರು ಕೈದಿಗಳೆಂಬುದನ್ನಾಗಲಿ ಅಲ್ಲಿ ಮುಚ್ಚಿಡುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಅದೇ.

ಮಧುಗಿರಿಗೆ ಶತ್ರು ನಿಜವಾಗಿಯೂ ಬಂದಿದ್ದ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇದೇ ಬೆಟ್ಟದಲ್ಲಿ. 1767ರಲ್ಲಿ ಮರಾಠರು ಬಂದು ಆಕೆಯನ್ನು ಬಿಡಿಸಿದರು. ಆದರೆ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬರುವ ಹುಡುಗರು ಬೆಟ್ಟದ ಬುಡದಲ್ಲಿ ಕೇಳುವುದು ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದಷ್ಟೆ. ಅವರನ್ನು ದೂರುವುದು ಸರಿಯಲ್ಲ, ಏಕೆಂದರೆ ಬೇರೆ ಏನನ್ನು ಕೇಳಬೇಕೆಂದು ನಾವು ಅವರಿಗೆ ತೋರಿಸಿಕೊಟ್ಟಿಲ್ಲ. ಪಕ್ಕದ ನಂದಿಯಲ್ಲೂ ಹಾಗೆಯೇ: 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಫಿರಂಗಿಗಳನ್ನು ಕಡಿದಾದ ಇಳಿಜಾರಿನಲ್ಲಿ ಎಳೆದು ತಂದು ಒಡೆದ ಗೋಡೆಯನ್ನು ಹುಡುಕುವವರು ವಿರಳ, ಮಂಜು ನೋಡಿ ಇಳಿಯುವವರೇ ಹೆಚ್ಚು.

ನಮ್ಮಲ್ಲಿ ತಿಳಿದವರಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ದಾರಿ ಏಕೆ ಹೀಗೆ ತಿರುಗುತ್ತದೆ ಎಂದು ಕೇಳಿದಾಗ ನನ್ನ ಸೋದರಮಾವ, "ಓಡ್ಕೊಂಡು ಬಂದೋನು ಇಲ್ಲಿ ನಿಧಾನ ಆಗ್ಲೇಬೇಕಲ್ಲಪ್ಪ, ಮೇಲಿಂದ ಕಲ್ಲು ಬೀಳೋದು ಆಗ್ಲೇ" ಎಂದು ಒಂದೇ ಮಾತಿನಲ್ಲಿ ವಿವರಿಸಿದರು. ಮಳೆನೀರು ನಿಲ್ಲುವ ದೊಣೆಗಳನ್ನು ತೋರಿಸಿ, ಮುತ್ತಿಗೆಯಲ್ಲಿ ಒಳಗಿದ್ದವರು ಬದುಕಿದ್ದು ಇದರಿಂದ ಎಂದರು. ಆಕ್ಲೆಂಡಿನ ಫಲಕಗಳಲ್ಲಿ ಇಂಥ ಜೀವಂತ ದನಿ ಇಲ್ಲ. ಆದರೆ ಫಲಕ ಅಪರಿಚಿತನಿಗೂ ಸಿಗುತ್ತದೆ, ಸೋದರಮಾವ ಸಿಗುವುದು ನನ್ನಂಥವನಿಗೆ ಮಾತ್ರ.

ಆದ್ದರಿಂದ ದಿಡ್ಡಿ ಬಾಗಿಲು, ಮೈಸೂರು ಬಾಗಿಲು, ದೊಣೆಗಳು, ಶಿಖರದ ಗೋಪಾಲಕೃಷ್ಣ ದೇಗುಲ, ಇವುಗಳ ಬಳಿ ಕನ್ನಡದಲ್ಲಿ ಚಿತ್ರಸಹಿತವಾದ ಸರಳ ವಿವರಣೆ ಇರಬೇಕು, ಅದನ್ನು ಬರೆಯುವ ಮೊದಲು ಊರಿನ ಹಿರಿಯರನ್ನು ಕೂರಿಸಿಕೊಂಡು ಕೇಳಬೇಕು, ರಜೆಯ ದಿನಗಳಲ್ಲಿ ಊರಿನ ಪ್ರೌಢಶಾಲೆಯ ಮಕ್ಕಳು ಬಂದವರಿಗೆ ದಾರಿ ತೋರಿಸುತ್ತ ಇವನ್ನು ಹೇಳುವಂತಾಗಬೇಕು. ವೀರಮ್ಮಾಜಿಯ ಸೆರೆವಾಸದ ವಿಷಯವನ್ನು ಬೆಟ್ಟದ ಬುಡದಲ್ಲೇ, ಹತ್ತುವ ಮೊದಲೇ ಓದುವಂತೆ ಇಡಬೇಕು.