ಹೈಡ್ರೋಜನ್‌ಗೆ ಇರಿಡಿಯಂ ಬೇಕೇ, ನಿಕ್ಕಲ್ ಸಾಕೇ?

ಪರ: ನಿಕ್ಕಲ್ ಸಾಕು

ಮೊನ್ನೆ ಭಾನುವಾರ ನೀರ್ಚಾಲಿನ ಮನೆಯಲ್ಲಿ ಅಕ್ಕನ ಮಗನನ್ನು ಕೂರಿಸಿಕೊಂಡು ಕಬ್ಬಿಣದ ಮೊಳೆ, 9 ವೋಲ್ಟ್ ಬ್ಯಾಟರಿ, ಎರಡು ಗಾಜಿನ ಲೋಟ ಇಟ್ಟು ಕರೆಂಟು ಹಾಯಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಆಟ ಆಡಿದೆ. ಮೊದಲ ಲೋಟಕ್ಕೆ ಉಪ್ಪು ಹಾಕಿದೆವು. ಹತ್ತು ನಿಮಿಷಕ್ಕೆ ನೀರು ಕೆಮ್ಮಣ್ಣು ಕದಡಿದ ಹಾಗಾಯಿತು, ಪ್ಲಸ್ ಕಡೆಯ ಮೊಳೆ ಸವೆಯಿತು. ಎರಡನೆಯ ಲೋಟಕ್ಕೆ ಬಟ್ಟೆ ಸೋಡಾ, ಹೊಸ ಮೊಳೆ. ನೀರು ತಿಳಿಯಾಗೇ ಉಳಿದು ಎರಡೂ ಮೊಳೆಯಿಂದ ಗುಳ್ಳೆ ಎದ್ದವು. "ಮಾವ, ಮೊಳೆ ಅದೇ ಅಲ್ವಾ, ನೀರು ಮಾತ್ರ ಬೇರೆ" ಅಂದ ಹುಡುಗ.

ನನ್ನ ವಾದವೂ ಅಷ್ಟೇ. ಹೀಗೆ ನೀರು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರಕ್ಕೆ ಎಲೆಕ್ಟ್ರೋಲೈಸರ್ ಅನ್ನುತ್ತಾರೆ. ಅದರಲ್ಲಿ ಪೆಮ್ ಅನ್ನುವ ಬಗೆಯಲ್ಲಿ ಪ್ಲಸ್, ಮೈನಸ್ ಎಲೆಕ್ಟ್ರೋಡ್‌ಗಳ ನಡುವೆ ತೆಳು ಪೊರೆ ಇರುತ್ತದೆ, ಅದು ಆಮ್ಲದ ಜಾತಿಯದು. ಆಕ್ಸಿಜನ್ ಹುಟ್ಟುವ ಪ್ಲಸ್ ಕಡೆ ಸಾಮಾನ್ಯ ಲೋಹ ಕರಗಿಹೋಗುತ್ತದೆ, ಅದಕ್ಕೇ ಅಲ್ಲಿ ಇರಿಡಿಯಂ ಅನ್ನುವ ಅಪರೂಪದ ಲೋಹ ಬೇಕು. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಿಗುವ ಇರಿಡಿಯಂ 10 ಟನ್ನಿಗೂ ಕಡಿಮೆ, ಒಂದು ಲಾರಿಗಾಗುವಷ್ಟು. ಅದೂ ದಕ್ಷಿಣ ಆಫ್ರಿಕಾದಲ್ಲಿ ಪ್ಲಾಟಿನಂ ತೆಗೆಯುವಾಗ ಜೊತೆಗೆ ಬರುವುದೇ ಹೆಚ್ಚು. ಇದೊಂದೇ ಬೇಕು ಅಂತ ಗಣಿ ಅಗೆಯಲು ಬರುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ (ಸೋಲಾರ್, ಗಾಳಿಯಂಥ ಕರೆಂಟಿನಿಂದ ನೀರು ಒಡೆದು ತೆಗೆಯುವ ಹೈಡ್ರೋಜನ್) ಯೋಜನೆಗೆ ಒಪ್ಪಿಗೆ ಕೊಟ್ಟಿತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಇದನ್ನು ಇರಿಡಿಯಂ ನಂಬಿಕೊಂಡು ಮಾಡುತ್ತೀರಾ?

ನೀರನ್ನು ಕ್ಷಾರ ಮಾಡಿ, ನಿಕ್ಕಲ್ ನಿಲ್ಲುತ್ತದೆ. ಚೂರು ಕಬ್ಬಿಣ ಸೇರಿದರೆ ಆಕ್ಸಿಜನ್ ಬಿಡುವ ಕೆಲಸ ಇನ್ನೂ ಸಲೀಸು. ಇದೇನು ಹೊಸತಲ್ಲ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲೇ ಭಾಕ್ರಾ ಅಣೆಕಟ್ಟಿನ ಕರೆಂಟಿನಿಂದ ನೀರು ಒಡೆದು, ಸಿಕ್ಕ ಹೈಡ್ರೋಜನ್‌ನಿಂದ ಗೊಬ್ಬರ ಮಾಡುತ್ತಿದ್ದರು.

ವಿರೋಧ: ಅಷ್ಟು ಸುಲಭ ಇಲ್ಲ

ನಿಕ್ಕಲ್ ಸಾಕು ಅಂದ ಮಾಷ್ಟ್ರ ಮೊಳೆ ಕಥೆ ಚಂದ ಇದೆ, ಆದರೆ ಮೊದಲ ಲೋಟದ ಮೊಳೆಯನ್ನು ತಿಂದದ್ದು ಉಪ್ಪು. ಅದನ್ನು ಆಮ್ಲದ ಖಾತೆಗೆ ಬರೆದುಬಿಟ್ಟರು!

ಅದಿರಲಿ. ನಂಗಲ್‌ಗೆ ಅಣೆಕಟ್ಟಿನ ಕರೆಂಟು ಇತ್ತು, ಹಗಲು ರಾತ್ರಿ ಒಂದೇ ಹದ. ನಾವು ಈಗ ಮಾತಾಡುತ್ತಿರುವುದು ಸೋಲಾರ್ ವಿಷಯ. ಕಾಞಂಗಾಡಿನ ಹತ್ತಿರ ಅಂಬಲತ್ತರದಲ್ಲಿ 50 ಮೆಗಾವಾಟ್ ಸೋಲಾರ್ ಪಾರ್ಕ್ ಇದೆಯಲ್ಲ, ಜೂನ್‌ನಲ್ಲಿ ಅದರ ಮೇಲೆ ಮೋಡ ಬಂದು ಹೋಗುವುದನ್ನು ನೋಡಬೇಕು. ಕರೆಂಟು ತೀರಾ ಇಳಿದರೆ ಹಳೆಯ ಕ್ಷಾರದ ಯಂತ್ರದಲ್ಲಿ ಹೈಡ್ರೋಜನ್ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಪರದೆ ದಾಟಿ ಆಕ್ಸಿಜನ್‌ನೊಳಗೆ ಸೇರುತ್ತದೆ. ಅದು ಸಿಡಿಯುವ ಮಿಶ್ರಣ, ಯಂತ್ರ ನಿಲ್ಲಿಸಲೇಬೇಕು. ಪ್ರತಿ ಸಲ ನಿಲ್ಲಿಸಿ ಶುರು ಮಾಡುವಾಗಲೂ ನಿಕ್ಕಲ್ ಎಲೆಕ್ಟ್ರೋಡಿಗೆ ಪೆಟ್ಟು. ಪೆಮ್ ಯಂತ್ರ ಮೋಡದ ಜೊತೆ ಸಲೀಸಾಗಿ ಏರಿಳಿಯುತ್ತದೆ.

ಇನ್ನು ದುಡ್ಡು. ಲೋಹದ ರೇಟನ್ನೇ ನೋಡಿದರೆ ಸಾಲದು, ಕರೆಂಟಿನ ಬಿಲ್ಲನ್ನೂ ನೋಡಿ. ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 50 ಯೂನಿಟ್ ಕರೆಂಟು ಬೇಕು. ವೇಗವರ್ಧಕ (ನೀರು ಒಡೆಯುವುದನ್ನು ಸಲೀಸು ಮಾಡುವ ಎಲೆಕ್ಟ್ರೋಡಿನ ಲೋಹ) ಮಂಕಾಗಿ 0.1 ವೋಲ್ಟ್ ಜಾಸ್ತಿ ಕೇಳಿದರೆ ಕಿಲೋಗೆ 2.7 ಯೂನಿಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಇಪ್ಪತ್ತು ವರ್ಷ ಓಡುವ ಯಂತ್ರಕ್ಕೆ ಗುಣಿಸಿ ನೋಡಿ. ಇರಿಡಿಯಂ, ಪ್ಲಾಟಿನಂ ಆದರೆ ಕೊನೆಗೆ ತೆಗೆದು ಕರಗಿಸಿ ಮತ್ತೆ ಬಳಸಬಹುದು, ಹಳೆಯ ಚಿನ್ನದ ಹಾಗೆ.

ಗಾಡಿಯೊಳಗೆ ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯೂಯಲ್ ಸೆಲ್ಲಿನದೂ ಇದೇ ಪಾಡು. ಕಬ್ಬಿಣ, ನೈಟ್ರೋಜನ್, ಇಂಗಾಲ ಸೇರಿಸಿದ ಅಗ್ಗದ ವೇಗವರ್ಧಕಗಳು ಮೊದಲ ದಿನ ಚೆನ್ನಾಗೇ ಓಡುತ್ತವೆ, ಆಮೇಲೆ ಬೇಗ ಸೋಲುತ್ತವೆ. ಇರಿಡಿಯಂ ಕಡಿಮೆ ಬಳಸೋಣ ಅನ್ನಿ, ಒಪ್ಪುತ್ತೇನೆ. ಬಿಟ್ಟೇಬಿಡೋಣ ಅನ್ನುವ ಮಾಷ್ಟ್ರು ಆ ಸೋಡಾ ಲೋಟವನ್ನು ಮಳೆಗಾಲ ಪೂರ್ತಿ ಸೋಲಾರ್ ಪ್ಯಾನಲ್ಲಿಗೆ ಜೋಡಿಸಿಟ್ಟು, ಓಣಂ ಹೊತ್ತಿಗೆ ಮೊಳೆಯ ಫೋಟೋ ಕಳಿಸಲಿ.