ಹುಲಿ ಕಾಣುತ್ತಾ ಅಂತ ಕೇಳ್ಬೇಡಿ, ಕಲ್ಲಿಂದ ಶುರು ಮಾಡಿ

ದಸರಾ ರಜೆ ಹತ್ರ ಬಂತು ಅಂದ್ರೆ ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ, "ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು, ಹುಲಿ ಗ್ಯಾರಂಟಿ ಕಾಣೋ ಜಾಗ ಯಾವ್ದು ಹೇಳ್ರಿ". ಗ್ಯಾರಂಟಿ ಬೇಕಿದ್ರೆ ಝೂಗೆ ಹೋಗಿ, ತಮಾಷೆಗೆ ಹೇಳ್ತಿಲ್ಲ, ನಿಜವಾಗ್ಲೂ ಅದೇ ವಾಸಿ. ಸಫಾರಿ ಜೀಪಲ್ಲಿ ಆರು ವರ್ಷದ ಮಗುನ ಮೂರು ಗಂಟೆ ಬಾಯಿ ಮುಚ್ಚಿ ಕೂರಿಸಿ, ದಾರೀಲಿ ಸಿಕ್ಕ ಜಿಂಕೆ, ಮುಂಗುಸಿ, ನವಿಲು ಎಲ್ಲಾ "ಅಯ್ಯೋ ಇದೇನ್ ಬಿಡು" ಅಂತ ದಾಟಿಸ್ಕೊಂಡು ಹೋಗಿ, ಕೊನೆಗೆ ಹುಲಿ ಕಾಣ್ದೇ ಇದ್ದಾಗ ಅಪ್ಪನ ಮುಖ ಸಪ್ಪಗಾಗೋದನ್ನ ಆ ಮಗು ನೋಡುತ್ತಲ್ಲ, ಅಲ್ಲಿಗೆ ಅದು ಕಲಿಯೋದು ಇಷ್ಟೇ, ಕಾಡು ಅಂದ್ರೆ ದುಡ್ಡು ಕೊಟ್ಟು ಮೋಸ ಹೋಗೋ ಜಾಗ ಅಂತ.

ನನ್ನ ಪ್ರಕಾರ ಮಕ್ಕಳನ್ನ ಹೊರಗಡೆ ಕರ್ಕೊಂಡು ಹೋಗೋಕೆ ಕಲ್ಲಿನ ಹುಚ್ಚಿಗಿಂತ ಒಳ್ಳೆ ನೆಪ ಇನ್ನೊಂದಿಲ್ಲ. ಕಲ್ಲು ಓಡಿಹೋಗಲ್ಲ, ಸೀಸನ್ ಇಲ್ಲ, ಟಿಕೆಟ್ ಇಲ್ಲ, ಬೆಳಗಿನ ಜಾವ ಐದಕ್ಕೆ ಎದ್ದೇಳು ಅಂತ ಗೋಗರೆಯೋ ಹಾಗಿಲ್ಲ. ಆಮೇಲೆ ಇನ್ನೊಂದಿದೆ, ಕಲ್ಲು ಹುಡುಕೋ ಮಗು ಬಗ್ಗಿ ನೆಲ ನೋಡ್ತಾ ನಿಧಾನಕ್ಕೆ ನಡೆಯುತ್ತೆ, ಹಂಗೆ ನಡೆಯೋರಿಗೆ ಮಾತ್ರ ಹೆಜ್ಜೆ ಗುರುತು, ಹಿಕ್ಕೆ, ಹಾವಿನ ಪೊರೆ, ಇರುವೆ ಸಾಲು ಎಲ್ಲಾ ಕಣ್ಣಿಗೆ ಬೀಳೋದು. ಪ್ರಾಣಿ ಆಮೇಲೆ ತಾನಾಗೇ ಬರುತ್ತೆ, ಬರ್ದೇ ಇದ್ರೂ ಯಾರಿಗೂ ಬೇಜಾರಿಲ್ಲ, ಜೇಬು ತುಂಬಿರುತ್ತೆ.

ಬೆಂಗಳೂರಲ್ಲಿರೋರು ದೂರ ಹೋಗೋದೇ ಬೇಡ. ಲಾಲ್‌ಬಾಗ್ ಬಂಡೆ ಮೇಲೆ ಕಡ್ಲೆಕಾಯಿ ತಿಂದು ಕೆಂಪೇಗೌಡರ ಗೋಪುರದ ಮುಂದೆ ಸೆಲ್ಫಿ ತಗೊಂಡು ಬರ್ತೀವಲ್ಲ, ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಹಾಕಿದಾರೆ, ಆ ಬೋರ್ಡ್ ಓದ್ತಾ ನಿಂತವರನ್ನ ನಾನು ನೋಡಿದ್ದು ಕಮ್ಮಿ. ಮಗಳಿಗೆ ಮೊದಲ ಪಾಠ ಆಗಿದ್ದು ಅಲ್ಲೇ. ಕಪ್ಪು ಬಿಳಿ ಪಟ್ಟೆ ಮೇಲೆ ಬೆರಳಿಟ್ಕೊಂಡು ಎಲ್ಲಿವರೆಗೂ ಹೋಗುತ್ತೆ ನೋಡು ಅಂದ್ರೆ ಸಾಕು, ಮುಕ್ಕಾಲು ಗಂಟೆ ಮೊಬೈಲ್ ಕೇಳಲಿಲ್ಲ. ಅಲ್ಲಿಂದ ಮೈಸೂರು ರೋಡಲ್ಲಿ ರಾಮನಗರ. ಈ ಊರಿಗೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತಿದ್ರು, ಬ್ಯಾರಿ ಕ್ಲೋಸ್ ಅನ್ನೋ ಬ್ರಿಟಿಷ್ ಅಧಿಕಾರಿಯ ಹೆಸರು, ಆ ಹೆಸರಲ್ಲೇ ಇಡೀ ಪ್ರಪಂಚದ ಭೂವಿಜ್ಞಾನಿಗಳು ಆ ಗುಲಾಬಿ ಗ್ರಾನೈಟನ್ನ ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಕರೀತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದ ಬಂಡೆ ಸಂದಿಗಳಲ್ಲೇ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋದು, 2012ರಲ್ಲಿ ಅದನ್ನ ರಣಹದ್ದು ಧಾಮ ಮಾಡಿದ್ರು. ದನಕ್ಕೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿಯಿಂದ, ಸತ್ತ ದನ ತಿಂದು ಈ ದೇಶದ ರಣಹದ್ದುಗಳು ಎಷ್ಟು ಸತ್ತವು ಅನ್ನೋ ಕಥೆ ಗೊತ್ತಿಲ್ದೇ ಇದ್ರೆ ಒಂದ್ಸಲ ಓದಿ, 2006ರಲ್ಲಿ ಬ್ಯಾನ್ ಆಗೋ ಹೊತ್ತಿಗೆ ಆಗ್ಬೇಕಾದ್ದೆಲ್ಲಾ ಆಗೋಗಿತ್ತು. ಬೈನಾಕ್ಯುಲರ್ ಇದ್ರೆ ಕೆಳಗಿಂದಾನೇ ನೋಡಬಹುದು, ಬಂಡೆ ಮೇಲೆ ಬಿಳಿ ಸುಣ್ಣ ಸುರಿದ ಹಾಗೆ ಕಾಣೋದೇ ಅವುಗಳ ಹಿಕ್ಕೆ.

ಆದ್ರೆ ನಮ್ಮ ಮನೇಲಿ ಕಲ್ಲಿನ ಹುಚ್ಚು ಪೂರ್ತಿ ಹತ್ತಿದ್ದು ನಮ್ಮನೆಯವರ ಊರು ಕಡೆ, ಸಂಡೂರಿನ ಹತ್ರ. ಮಾವನವರ ಹೊಲ ಗುಡ್ಡದ ಬುಡದಲ್ಲಿದೆ, ಮಳೆಗಾಲದಲ್ಲಿ ಹಳ್ಳ ಹರಿದು ಮೇಲಿನ ಕಲ್ಲೆಲ್ಲಾ ಹೊಲಕ್ಕೆ ಬರುತ್ತೆ, ಅದನ್ನ ಆರಿಸಿ ಬದುವಿಗೆ ಹಾಕೋದು ಅವ್ರಿಗೆ ವರ್ಷವರ್ಷದ ತಲೆನೋವು. ನಮ್ಮ ಮಕ್ಕಳಿಗೆ ಆ ಬದುನೇ ಖಜಾನೆ. ಕೆಂಪು ಒಂದು ಪಟ್ಟೆ, ಉಕ್ಕಿನ ಬಣ್ಣದ್ದು ಒಂದು ಪಟ್ಟೆ, ಮತ್ತೆ ಕೆಂಪು, ಹೀಗೆ ಸಾಲಾಗಿರೋ ಕಲ್ಲು, ಕೈಯಲ್ಲಿ ಹಿಡಿದ್ರೆ ಅದರ ಗಾತ್ರಕ್ಕೆ ಭಾರ ಸರಿಹೊಂದೋದೇ ಇಲ್ಲ. ಪಟ್ಟೆ ಕಬ್ಬಿಣದ ಅದಿರು ಇದು. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರ ಇತ್ತು, ನೀರಲ್ಲಿ ಕಬ್ಬಿಣ ಕರಗಿಕೊಂಡಿತ್ತು, ಕಣ್ಣಿಗೆ ಕಾಣದ ಜೀವಿಗಳು ಬಿಟ್ಟ ಆಮ್ಲಜನಕ ಸೇರಿ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತ್ಕೊಂಡಿತು ಅಂತ ವಿಜ್ಞಾನಿಗಳು ವಿವರಿಸ್ತಾರೆ. ಈಗ ಅದೇ ತುಕ್ಕನ್ನ ಅಗೆದು ಲಾರಿಗೆ ತುಂಬಿ ಕಳಿಸೋದಕ್ಕೆ ಬಳ್ಳಾರಿ ಏನೇನ್ ನೋಡಬೇಕಾಯ್ತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸೋವರೆಗೂ ಹೋಗಿದ್ದು ಎಲ್ರಿಗೂ ಗೊತ್ತು, ಅದು ಬೇರೆ ಪೋಸ್ಟೇ ಬೇಕು.

ಮಕ್ಕಳಿಗೆ ಮಜಾ ಬರೋದು ಗೆರೆ ಪರೀಕ್ಷೆಯಲ್ಲಿ. ಒಡೆದ ಬಾತ್‌ರೂಮ್ ಟೈಲ್ಸ್ ಇರುತ್ತಲ್ಲ, ಅದರ ಹಿಂಭಾಗ, ಪಾಲಿಶ್ ಇಲ್ದಿರೋ ಒರಟು ಕಡೆ, ಅದರ ಮೇಲೆ ಕಲ್ಲನ್ನ ಒತ್ತಿ ಗೀಚಬೇಕು. ನೋಡೋಕೆ ಕರ್ರಗೆ ಮಿಂಚ್ತಿರೋ ಕಲ್ಲು ಕುಂಕುಮದ ಬಣ್ಣದ ಗೆರೆ ಎಳೀತು ಅಂದ್ರೆ ಹೆಮಟೈಟ್, ಒಂದು ಬಗೆ ಕಬ್ಬಿಣದ ಅದಿರು. ಕಪ್ಪು ಗೆರೆ ಬಂದ್ರೆ ಇನ್ನೊಂದು ಬಗೆ ಕಬ್ಬಿಣದ ಅದಿರು ಮ್ಯಾಗ್ನಟೈಟ್ ಇರಬಹುದು, ಮ್ಯಾಂಗನೀಸ್ ಕೂಡ ಇರಬಹುದು, ಆಗ ಆಯಸ್ಕಾಂತ ಹಿಡೀರಿ, ಮ್ಯಾಗ್ನಟೈಟ್ ಆದ್ರೆ ಲಬಕ್ ಅಂತ ಅಂಟ್ಕೊಳುತ್ತೆ. ಬಿಳಿ ಬೆಣಚು ಕಲ್ಲು ಗಾಜಿನ ಮೇಲೆ ಗೀರು ಹಾಕುತ್ತೆ, ಸುಣ್ಣದ ಕಲ್ಲು ಹಾಕಲ್ಲ. ಇಷ್ಟಕ್ಕೆ ಲ್ಯಾಬ್ ಬೇಡ, ಕೋಚಿಂಗ್ ಬೇಡ, ಒಂದು ಟೈಲ್ಸ್ ಚೂರು, ಹಳೇ ಸ್ಪೀಕರ್‌ನಿಂದ ಬಿಚ್ಚಿದ ಆಯಸ್ಕಾಂತ, ಒಂದು ಗಾಜಿನ ಬಾಟ್ಲಿ. ಮಾವ ಮೊದಮೊದಲು "ಯವ್ವಾ, ನಾವು ಜೀವಮಾನಪೂರ್ತಿ ಈ ಕಲ್ಲು ಹೊಲದಿಂದ ಹೊರಗ ಒಗದ್ವಿ, ನೀವು ಕಾರಿನಾಗ ಹೇರಿಕೊಂಡು ಹೊಂಟೀರಲ್ಲ" ಅಂತ ನಗ್ತಿದ್ರು, ಈಗ ನಾವು ಹೋಗೋ ಹೊತ್ತಿಗೆ ಅವರೇ ನಾಲ್ಕು ಕಲ್ಲು ತೊಳೆದು ಕಟ್ಟೆ ಮೇಲೆ ಇಟ್ಟಿರ್ತಾರೆ.

ಕ್ಯಾಂಪಿಂಗ್ ಕೂಡ ಅಲ್ಲೇ, ಹೊಲದಲ್ಲಿ, ಮೋಟರ್ ಮನೆ ಪಕ್ಕ. ಆನ್‌ಲೈನಲ್ಲಿ ತಗೊಂಡ ಟೆಂಟು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಷ್ಟೇ. ಕಾಡೊಳಗೆ ಎಲ್ಲಿ ಬೇಕಾದ್ರೂ ಟೆಂಟ್ ಹಾಕೋ ಹಾಗಿಲ್ಲ, ಅದು ಕಾನೂನು, ಪರ್ಮಿಷನ್ ಇರೋ ಸರ್ಕಾರಿ ನೇಚರ್ ಕ್ಯಾಂಪಲ್ಲಿ ಇರಬಹುದು, ಇಲ್ಲಾ ನಿಮ್ಮ ನೆಂಟರ ತೋಟದಲ್ಲಿ. ನೆಂಟರ ತೋಟ ಅಂದ್ರೆ ಯಾಕೋ ನಮ್ಮ ಜನಕ್ಕೆ ನಾಚಿಕೆ, ರೆಸಾರ್ಟಿಗೆ ಹೋಗಿ ಒಂದು ರಾತ್ರಿಗೆ ಹತ್ತು ಸಾವಿರ ಕೊಟ್ರೇನೇ ಕ್ಯಾಂಪಿಂಗ್. ಒಂದ್ಸಲ ಒಂದು ಕಡೆ ಹೋಗಿದ್ವಿ, ಹೆಸರು ಬೇಡ, ಕಾಡಿನ ಅಂಚು, ರಾತ್ರಿ ಹನ್ನೊಂದರವರೆಗೂ ಡಿಜೆ, ಕ್ಯಾಂಪ್ ಫೈರ್ ಸುತ್ತ ಡ್ಯಾನ್ಸು, ಬೆಳಗ್ಗೆ "ನೇಚರ್ ವಾಕ್" ಅಂತ ಕರ್ಕೊಂಡು ಹೋದ ಹುಡುಗ "ಇವತ್ತು ಯಾವ ಹಕ್ಕಿನೂ ಕಾಣ್ತಿಲ್ಲ ಸಾರ್" ಅಂತಾನೆ. ಹೆಂಗಪ್ಪಾ ಕಾಣುತ್ತೆ.

ನಮ್ಮ ಹೊಲದಲ್ಲಿ ಸಂಜೆಯಾದ್ರೆ ಬದುವಿನ ಕಲ್ಲಿನ ಮೇಲೆ ಓತಿಕ್ಯಾತ ಕೂತು ತಲೆ ಆಡಿಸ್ತಿರುತ್ತೆ, ಮರಿ ಮಾಡೋ ಕಾಲದಲ್ಲಿ ಗಂಡು ಕೆಂಪು ಕಪ್ಪು ಬಣ್ಣ ಬಳ್ಕೊಂಡು ಮದುಮಗನ ಥರ ರೆಡಿಯಾಗಿರುತ್ತೆ. ಕತ್ತಲಾದ ಮೇಲೆ ಯುವಿ ಟಾರ್ಚ್, ಅಂದ್ರೆ ನೇರಳಾತೀತ ಬೆಳಕಿನ ಟಾರ್ಚ್. ಅದನ್ನ ತರಿಸಿದ್ದು ಕಲ್ಲಿಗೆ, ಕೆಲವು ಖನಿಜ ಆ ಬೆಳಕಲ್ಲಿ ಹೊಳೆಯುತ್ತೆ ಅಂತ. ಹೊಲದ ಬದುವಿಗೆ ಹಿಡಿದ್ರೆ ಕಲ್ಲು ಯಾವ್ದೂ ಹೊಳೀಲಿಲ್ಲ, ಚೇಳು ಹೊಳೀತು. ಹಸಿರು ನೀಲಿ ಬಣ್ಣಕ್ಕೆ, ಇಲ್ಲೊಂದು, ಅಲ್ಲೊಂದು, ಮೋಟರ್ ಮನೆ ಗೋಡೆ ಬುಡದಲ್ಲಿ ಇನ್ನೊಂದು. ಮಾವ ಸುಮ್ನೆ ನಿಂತು ನೋಡಿದ್ರು, ಆಮೇಲೆ "ಐವತ್ತು ವರ್ಷ ಈ ಹೊಲದಾಗ ಬರಿಗಾಲಾಗ ತಿರುಗ್ಯಾಡೀನಿ, ಇಷ್ಟು ಚೇಳು ಅದಾವಂತ ಇವತ್ತು ಗೊತ್ತಾತು ನೋಡು" ಅಂದ್ರು, ಮಾರನೇ ದಿನದಿಂದ ರಾತ್ರಿ ಹೊಲಕ್ಕೆ ಹೋಗೋವಾಗ ಚಪ್ಪಲಿ ಬಂತು ಕಾಲಿಗೆ. ಹಾಗಾಗಿ ನಮ್ಮ ಮಕ್ಕಳಿಗೆ ರೂಲು ಸ್ಟ್ರಿಕ್ಟು, ಕಲ್ಲಿನ ಕೆಳಗೆ ಕೈ ಹಾಕೋ ಹಾಗಿಲ್ಲ, ಕೋಲಲ್ಲಿ ಎತ್ತಬೇಕು, ಸಂದಿ ನಮ್ಮ ಕಡೆಗಲ್ಲ ಆಚೆ ಕಡೆಗೆ ತೆರೆಯೋ ಥರ ಎತ್ತಬೇಕು, ನೋಡಿ ಆದ್ಮೇಲೆ ಹೆಂಗಿತ್ತೋ ಹಂಗೇ ಇಡಬೇಕು, ಅದು ಯಾರದ್ದೋ ಮನೆ ಸೂರು. ಗರಗಸ ಮಂಡಲ ಹಾವು ಇಂಥ ಒಣ ಕಲ್ಲು ಜಾಗದಲ್ಲೇ ಇರೋದು, ಕಚ್ಚಿದ್ರೆ ನಾಟಿ ಔಷಧಿ ಗೀಟಷಧಿ ಅಂತ ಕೂರ್ಬೇಡಿ, ಹತ್ರದ ಯಾವ ಸರ್ಕಾರಿ ಆಸ್ಪತ್ರೇಲಿ ವಿಷಕ್ಕೆ ಇಂಜೆಕ್ಷನ್ ಇದೆ ಅಂತ ಹೋಗೋಕೆ ಮುಂಚೆನೇ ತಿಳ್ಕೊಂಡಿರಿ.

ಕರಡಿ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಆ ಕಡೆ ಹೋದ್ಮೇಲೆ ಕರಡಿ ಬಿಟ್ಟು ಮಾತಾಡೋಕಾಗಲ್ಲ. ಹಂಪಿ ಹತ್ರ ದರೋಜಿ ಕರಡಿಧಾಮ ಇದೆ, 1994ರಲ್ಲಿ ಮಾಡಿದ್ದು. ಮಧ್ಯಾಹ್ನ ಸಿಬ್ಬಂದಿ ಹೋಗಿ ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಬೆಲ್ಲ ಸೇರಿಸಿದ ಮಿಶ್ರಣ ಬಳಿದು ಬರ್ತಾರೆ, ಜನ ವಾಚ್ ಟವರ್ ಮೇಲೆ ಬೈನಾಕ್ಯುಲರ್ ಹಿಡ್ಕೊಂಡು ಕಾಯ್ತಾರೆ, ಸಂಜೆ ಹೊತ್ತಿಗೆ ಕರಡಿ ಗುಹೆಯಿಂದ ಇಳಿದು ಬಂದು ನೆಕ್ಕುತ್ತೆ. ತಾಯಿ ಬೆನ್ನ ಮೇಲೆ ಮರಿ ಕೂರಿಸ್ಕೊಂಡು ಬಂದಿದ್ದು ನೋಡಿದ್ವಿ, ಅದು ನಿಜಕ್ಕೂ ಕಣ್ತುಂಬೋ ದೃಶ್ಯ. ಆದ್ರೆ ಬೆಲ್ಲ ಬಳಿಯೋದು ಸರೀನಾ ಅಂತ ನನಗೆ ಮೊದಲಿಂದಲೂ ಕಿರಿಕಿರಿ. ಜನ ಬರ್ತಾರೆ, ಧಾಮ ಉಳಿಯುತ್ತೆ ಅನ್ನೋ ವಾದ ಅರ್ಥ ಆಗುತ್ತೆ, ಆದ್ರೂ ಬೆಲ್ಲಕ್ಕೆ ಬಂದ ಕರಡಿ ನೋಡಿ ಮಕ್ಕಳು ಕರಡಿ ಅಂದ್ರೆ ಇಷ್ಟೇ ಅಂದ್ಕೊಳ್ಳೋದು ಬೇಡ.

ಅದರ ಎದುರು ನಮ್ಮ ಹೊಲದಲ್ಲಿ ಆಗಿದ್ದು ಹೇಳ್ತೀನಿ. ಬಾರಿಹಣ್ಣಿನ ಕಾಲ, ಬೆಳಗ್ಗೆ ಮಗ ಕಲ್ಲು ಹುಡುಕ್ತಾ ಬದುವಿನ ತುದಿವರೆಗೂ ಹೋದೋನು ಅಲ್ಲೇ ನಿಂತ್ಕೊಂಡು ಕೂಗಿದ. ಹೋಗಿ ನೋಡಿದ್ರೆ ರಾಶಿ ಹಿಕ್ಕೆ, ಕಡ್ಡಿಯಲ್ಲಿ ಬಿಡಿಸಿದ್ರೆ ಒಳಗೆಲ್ಲಾ ಬಾರಿಹಣ್ಣಿನ ಬೀಜ, ಒಂದೊಂದೂ ನುಣ್ಣಗೆ ತೊಳೆದಿಟ್ಟಂಗೆ. ಪಕ್ಕದಲ್ಲಿ ಹುತ್ತ ಅಗೆದು ಹಾಕಿತ್ತು, ಉಗುರಿನ ಗೀರು ಮಣ್ಣಲ್ಲಿ ಹಸಿಹಸಿಯಾಗಿತ್ತು, ಮಗನ ಬೆರಳು ಪೂರ್ತಿ ಒಂದು ಗೀರೊಳಗೆ ಕೂತ್ಕೊಳ್ತಿತ್ತು. ಈ ಕರಡಿಗೆ ಮೇಲ್ದವಡೆಯಲ್ಲಿ ನಡುವಿನ ಎರಡು ಮುಂದಿನ ಹಲ್ಲೇ ಇರಲ್ಲ, ಆ ಸಂದಿಯಿಂದ ಗೆದ್ದಲು ಎಳ್ಕೊಳುತ್ತೆ, ಮಣ್ಣು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಕೊಳ್ಳೋಕೂ ಬರುತ್ತೆ ಅದಕ್ಕೆ. ಕರಡಿನ ನಾವ್ಯಾರೂ ಅವತ್ತು ನೋಡ್ಲಿಲ್ಲ. ಆದ್ರೆ ದರೋಜಿಯಲ್ಲಿ ಬೈನಾಕ್ಯುಲರಲ್ಲಿ ಕಂಡ ಕರಡಿಗಿಂತ ಈ ಕಾಣದ ಕರಡಿ ಬಗ್ಗೆನೇ ಮಗ ಶಾಲೆಯಲ್ಲಿ ಹೇಳ್ಕೊಂಡು ತಿರುಗಿದ್ದು. ಆಮೇಲೆ ಹಣ್ಣಿನ ಕಾಲದಲ್ಲಿ ಹೊಲದಲ್ಲಿ ಟೆಂಟ್ ಹಾಕಲ್ಲ, ಮಾವನ ಆರ್ಡರ್. ಮುಂಜಾನೆ ಮುಸ್ಸಂಜೆ ಒಬ್ಬೊಬ್ಬರೇ ಸದ್ದಿಲ್ದೇ ಓಡಾಡಬಾರದು, ಮಾತಾಡ್ಕೊಂಡು ನಡೀಬೇಕು, ಯಾಕಂದ್ರೆ ಹತ್ರದಲ್ಲಿ ದಿಢೀರ್ ಅಂತ ಎದುರಾದಾಗ್ಲೇ ಕರಡಿ ಮೈಮೇಲೆ ಬೀಳೋದು. ಆ ಕಡೆ ಊರುಗಳಲ್ಲಿ ಅದು ಮನರಂಜನೆ ಅಲ್ಲ, ಮುಖ ಕಿತ್ತು ಹೋದವರಿದಾರೆ.

ಈಗ ಕೆಲವರಿಗೆ ಸಿಟ್ಟು ಬರೋ ಮಾತು. ಕಲ್ಲು ಆರಿಸಿ ಅಂದೆ ಅಂತ ಎಲ್ಲಾ ಕಡೆ ಆರಿಸೋ ಹಾಗಿಲ್ಲ. ಅಭಯಾರಣ್ಯದ ಒಳಗಿಂದ ಒಂದು ಗರಿ, ಒಂದು ಕಲ್ಲೂ ತರಬೇಡಿ. ಮಲ್ಪೆ ಆಚೆ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲು ಇದ್ಯಲ್ಲ, ಭಾರತ ಮಡಗಾಸ್ಕರ್ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷದ್ದು, ಅದೂ ರಾಷ್ಟ್ರೀಯ ಸ್ಮಾರಕನೇ, ಅದರ ಮೇಲೆ ಮೊಳೆಯಲ್ಲಿ ಹೆಸರು ಕೆತ್ತೋರಿಗೆ ಏನ್ ಹೇಳೋದು. ಹಂಪಿಯಲ್ಲಿ ಬಿದ್ದಿರೋ ಚೂರು ಕೂಡ ಮುಟ್ಟಬೇಡಿ. ಬಳ್ಳಾರಿ ಪಕ್ಕ ಸಂಗನಕಲ್ಲಿಗೆ ಹೋದ್ವಿ, ಅಲ್ಲಿ ಹಿರೇಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡ್ತಿದ್ದ ಕಾರ್ಖಾನೆನೇ ಇತ್ತು, ಸಾವಿರಾರು ವರ್ಷದ ಹಿಂದೆ ಅವ್ರು ಒಡೆದು ಬಿಸಾಕಿದ ಕರೀ ಕಲ್ಲಿನ ಚಕ್ಕೆ ಈಗಲೂ ಕಾಲಿಗೆ ಸಿಗುತ್ತೆ. ಮಗಳು ಒಂದನ್ನ ಕೈಗೆ ತಗೊಂಡು ಅಂಚು ಸವರಿ ನೋಡಿ "ಅಮ್ಮಾ, ಒಂದೇ ಒಂದು" ಅಂದ್ಲು. ಇಲ್ಲ ಅಂದೆ, ಫೋಟೋ ತಗೋ, ಇದ್ದ ಜಾಗದಲ್ಲೇ ಇಡು, ಅದು ಎಲ್ಲಿ ಬಿದ್ದಿದೆ ಅನ್ನೋದೇ ಅದರ ಕಥೆ. ಅರ್ಧ ಗಂಟೆ ಮುಖ ಊದಿಸ್ಕೊಂಡಿದ್ಲು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಬ್ರಿಟಿಷ್ ಭೂವಿಜ್ಞಾನಿ ಹೆಸರಿನ ಮ್ಯೂಸಿಯಂ ಇದೆ, ಅಲ್ಲಿಗೆ ಕರ್ಕೊಂಡು ಹೋಗಿ ಅಂಥದ್ದೇ ಕೊಡಲಿಗಳನ್ನ ಸಾಲಾಗಿ ತೋರಿಸಿದ ಮೇಲೆ ಸಿಟ್ಟು ಇಳೀತು. ಯಾರೂ ನೋಡ್ದೇ ಇರೋ ಕಡೆ, ಬೇಲಿ ಇಲ್ಲ, ಗಾರ್ಡ್ ಇಲ್ಲ, ಆದ್ರೂ ಕೈಗೆ ಬಂದಿದ್ದನ್ನ ವಾಪಸ್ ಇಡೋದು ಮಗುಗೆ ಇನ್ನೆಲ್ಲಿ ಅಭ್ಯಾಸ ಆಗುತ್ತೆ ಹೇಳಿ. ಸಫಾರಿ ಜೀಪಲ್ಲಂತೂ ಆಗಲ್ಲ.

ಮತ್ತೆ ಎಲ್ಲಿ ಆರಿಸೋದು ಅಂದ್ರೆ ನಿಮ್ಮದೇ ಹೊಲ, ನೆಂಟರ ಹೊಲ, ಮಾಲೀಕರನ್ನ ಕೇಳ್ಕೊಂಡು ಹೋಗೋ ಜಾಗ, ಮನೆ ಕಟ್ಟೋರು ಸುರಿದಿರೋ ಜಲ್ಲಿ ರಾಶಿ ಕೂಡ ಆಗುತ್ತೆ, ಅದರಲ್ಲೇ ಕಾಗೆ ಬಂಗಾರ ಮಿಂಚೋದು ನೋಡಿ. ಒಂದು ಜಾಗದಿಂದ ಒಬ್ಬರಿಗೆ ಒಂದೇ ಕಲ್ಲು ಅಂತ ನಮ್ಮನೆ ಲೆಕ್ಕ, ಇಲ್ದಿದ್ರೆ ಕಾರಿನ ಡಿಕ್ಕಿ ನೆಲ ಮುಟ್ಟುತ್ತೆ. ಕಲ್ಲಿನ ಮೇಲೆ ಒಂದು ಚುಕ್ಕೆ ಬಿಳಿ ಪೇಂಟು, ಅದರ ಮೇಲೆ ನಂಬರು, ನೋಟ್‌ಬುಕ್ಕಲ್ಲಿ ಊರು, ತಾರೀಕು. ಊರು ಬರೀದೇ ಇರೋ ಕಲ್ಲು ಆರು ತಿಂಗಳಿಗೆ ಬರೀ ಕಲ್ಲಾಗುತ್ತೆ, ಅತ್ತೆ ಅದನ್ನ ತುಳಸಿ ಕುಂಡಕ್ಕೆ ಹಾಕಿಬಿಡ್ತಾರೆ, ಹಾಕಿದಾರೆ.

ಈ ಸಲ ರಜೆಗೆ ಚಿತ್ರದುರ್ಗದ ಹತ್ರ ಮರಡಿಹಳ್ಳಿ ದಿಂಬಿನ ಲಾವಾ ನೋಡೋ ಪ್ಲ್ಯಾನು, ಸಮುದ್ರದ ನೀರೊಳಗೆ ಉಕ್ಕಿದ ಲಾವಾ ತಣ್ಣಗಾಗಿ ಒಂದರ ಮೇಲೊಂದು ದಿಂಬಿನ ಆಕಾರಕ್ಕೆ ನಿಂತಿರೋದು, ಅಲ್ಲೂ ಕೈ ಜೇಬಲ್ಲೇ. ಅಲ್ಲಿಂದ ಹಂಪಿ, ತುಂಗಭದ್ರೆಯ ನೀರುನಾಯಿ ಕಾಣಿಸಿದ್ರೆ ಕಾಣಿಸ್ಲಿ, 2015ರಲ್ಲಿ ಆ ಹೊಳೆ ಭಾಗನ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿದಾರೆ. ಬರೋರು ಕಾಮೆಂಟಲ್ಲಿ ಹೇಳಿ, ಎರಡು ಕಾರಿಗಿಂತ ಹೆಚ್ಚು ಬೇಡ, ಸ್ಪೀಕರ್ ತರೋರು ಬರೋದೇ ಬೇಡ. ಆಮೇಲೆ ಯಾವ ಸುತ್ತಿಗೆ ತಗೋಬೇಕು ಅಂತ ಇಬ್ಬರು ಕೇಳಿದ್ರಿ, ಸುತ್ತಿಗೆ ಏನೂ ಬೇಡ ಸದ್ಯಕ್ಕೆ, ಬಿದ್ದಿರೋದೇ ಬೇಕಾದಷ್ಟಿದೆ. ಒಡೆಯಲೇಬೇಕು ಅಂತ ಹಠ ಇದ್ರೆ ನಿಮ್ಮ ಹೊಲದಲ್ಲಿ ಒಡೀರಿ, ಮೊದಲು ಮಕ್ಕಳಿಗೆ ವೆಲ್ಡಿಂಗ್ ಅಂಗಡಿಯವರು ಹಾಕ್ಕೊಳ್ಳೋ ಥರದ ಕನ್ನಡಕ ಕೊಡ್ಸಿ, ಕರೀದಲ್ಲ, ಬಿಳಿ ಗಾಜಿಂದು, ಬೆಣಚಿನ ಚಕ್ಕೆ ಸೀದಾ ಕಣ್ಣಿಗೇ ಹಾರುತ್ತೆ.